ಮನಾಲಿಯಿಂದ ಒಂದೇ ದಿನದಲ್ಲಿ ಚಂದ್ರತಾಲ್ ತಲುಪಬಹುದೇ?

ಚಂದ್ರತಾಲ್ ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿಯ ಎತ್ತರದ ಸರೋವರ. ವಿಮಾನದಲ್ಲಿ ಹೋಗಿ, ಮನಾಲಿಯಲ್ಲಿ ಒಂದು ರಾತ್ರಿ ಮಲಗಿ, ಮರುದಿನ ಸಂಜೆಗೆ ಚಂದ್ರತಾಲ್ ಟೆಂಟ್ ಸೇರುವುದು ನಿಮ್ಮ ಪ್ಲಾನ್ ಎಂದಿಟ್ಟುಕೊಳ್ಳಿ. ರಸ್ತೆ ತೆರೆದಿದ್ದರೆ ತಲುಪಬಹುದು. ಆದರೂ ಹಾಗೆ ಹೋಗಬೇಡಿ.

ಮನಾಲಿ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಸರೋವರ 4,250 ಮೀಟರಿಗೂ ಮೇಲೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ 60ರಷ್ಟು ಮಾತ್ರ. ತಲೆನೋವು, ವಾಂತಿ ಶುರುವಾಗುವುದು ಸಾಮಾನ್ಯವಾಗಿ ಆ ರಾತ್ರಿಯೇ. ಆಗ ಕೆಳಗಿಳಿಯಬೇಕು, ಆದರೆ ಇಳಿಯುವುದೆಲ್ಲಿಗೆ? 14 ಕಿ.ಮೀ. ಆಚೆಯ ಬಾತಲ್ ಕೂಡ 4,000 ಮೀಟರಿನ ಆಸುಪಾಸಿನಲ್ಲೇ ಇದೆ. ಛತ್ರುವರೆಗೆ ಇಳಿಯಬೇಕೆಂದರೆ ಕತ್ತಲಲ್ಲಿ ಗಂಟೆಗಟ್ಟಲೆ ಕಲ್ಲುದಾರಿ. ಚಂದ್ರತಾಲ್‌ನಲ್ಲಿ ನಾನು ಹೆದರುವುದು ಇದೊಂದಕ್ಕೇ.

ಎಂಟು ದಿನ ರಜೆ ಸಿಕ್ಕರೆ ಶಿಮ್ಲಾ ಕಡೆಯಿಂದ ಹೋಗಿ: ಕಲ್ಪಾ, ತಾಬೋ, ಕಾಜಾದಲ್ಲಿ ಎರಡು ರಾತ್ರಿ, ಆಮೇಲೆ ಕುಂಜುಮ್ ಕಣಿವೆದಾರಿ (ಪಾಸ್) ದಾಟಿ ಸರೋವರ, ಮರುದಿನ ಮನಾಲಿಗೆ ಇಳಿಯುವುದು. ದೇಹ ತಾನಾಗಿ ಹೊಂದಿಕೊಳ್ಳುತ್ತದೆ. ರಜೆ ಕಡಿಮೆಯಿದ್ದರೆ ಅಟಲ್ ಸುರಂಗದಾಚೆಯ ಸಿಸ್ಸುವಿನಲ್ಲಿ (ಸುಮಾರು 3,100 ಮೀಟರ್) ಎರಡು ರಾತ್ರಿಯಾದರೂ ಉಳಿದು ಮೇಲೆ ಹೋಗಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಕೂತಲ್ಲೇ ಏದುಸಿರು ಬಂದರೆ ಅಥವಾ ನಡಿಗೆ ತೂರಾಡಿದರೆ ಬೆಳಗಾಗಲಿ ಎಂದು ಕಾಯಬಾರದು.

ಮನಾಲಿ ಕಡೆಯ ದಾರಿಯಲ್ಲಿ ಗ್ರಾಂಫೂ–ಬಾತಲ್ ನಡುವೆ ಹಿಮ ಕರಗಿದ ನೀರಿನ ಹಳ್ಳಗಳು ರಸ್ತೆಯ ಮೇಲೇ ಹರಿಯುತ್ತವೆ. ಬಿಸಿಲೇರಿದಂತೆ ನೀರು ಏರುತ್ತದೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನ ಮೂರರ ಹೊತ್ತಿಗೆ ಮೊಣಕಾಲಿಗೆ ಬಂದು, ಅಡಿಯ ಗುಂಡುಗಳನ್ನೇ ಉರುಳಿಸುತ್ತಿರುತ್ತದೆ. ಹಾಗಾಗಿ ಮನಾಲಿ ಕಡೆಯಿಂದ ಹೊರಡುವವರು ನಸುಕಿನಲ್ಲೇ ಹೊರಡಬೇಕು. ದಾಟುವಾಗ ಫಸ್ಟ್ ಗೇರ್, ಕ್ಲಚ್ ಒತ್ತಬೇಡಿ, ನಡುವೆ ನಿಲ್ಲಿಸಬೇಡಿ. ನಿಂತರೆ ಸೈಲೆನ್ಸರಿಗೆ ನೀರು ನುಗ್ಗುತ್ತದೆ. ನೆಲಕ್ಕೆ ತಗ್ಗಾಗಿರುವ ಕಾರಿಗೆ ಈ ದಾರಿ ಬೇಡವೇ ಬೇಡ, ಆಯಿಲ್ ಚೇಂಬರ್ ಒಡೆದರೆ ರಿಪೇರಿಗೆ ಹತ್ತಿರದಲ್ಲಿ ಯಾರೂ ಇಲ್ಲ.

ಸೆಪ್ಟೆಂಬರ್ ಮೊದಲೆರಡು ವಾರ ನನಗೆ ಅತ್ಯಂತ ಇಷ್ಟ. ಹಳ್ಳಗಳು ಇಳಿದಿರುತ್ತವೆ, ಆಕಾಶ ತಿಳಿಯಾಗಿರುತ್ತದೆ. ರಾತ್ರಿ ಮಾತ್ರ ಸೊನ್ನೆಗಿಂತ ಕೆಳಗೆ. ಮಳೆಗಾಲದಲ್ಲಿ ಹವಾಮಾನ ನೋಡದೆ ಹೊರಡಬೇಡಿ: 2023ರ ಜುಲೈನಲ್ಲಿ ಹಿಮ ಬಿದ್ದು ಸುಮಾರು 300 ಪ್ರವಾಸಿಗರು ಅಲ್ಲೇ ದಿನಗಟ್ಟಲೆ ಸಿಕ್ಕಿಬಿದ್ದಿದ್ದರು.

ಚಂದ್ರತಾಲ್ 2005ರಿಂದ ರಾಮ್‌ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ದಡದಲ್ಲಿ ಟೆಂಟ್ ಹಾಕುವಂತಿಲ್ಲ, ಕ್ಯಾಂಪ್‌ಗಳೆಲ್ಲ ಎರಡು-ಮೂರು ಕಿ.ಮೀ. ಹಿಂದೆಯೇ ಇವೆ. ಗಾಡಿ ನಿಲ್ಲಿಸಿ ಕೊನೆಯ ಒಂದು ಕಿ.ಮೀ. ನಡೆಯಬೇಕು. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೋದರೆ ಎದುರಿನ ಹಿಮಶಿಖರಗಳು ನೀರಿನಲ್ಲಿ ಗೆರೆ ಕೊರೆದಂತೆ ಮೂಡುತ್ತವೆ. ಗಾಳಿ ಎದ್ದರೆ ಬರೀ ಅಲೆ. ನೀರಿಗಿಳಿಯಬೇಡಿ, ಆ ಚಳಿಗೆ ಕೈಕಾಲು ಮರಗಟ್ಟಿ ಈಜು ಬಲ್ಲವರೂ ಮುಳುಗುತ್ತಾರೆ.

ಕಾಜಾ ಕಡೆಯಿಂದ ಬಂದರೆ ಅಲ್ಲೇ ಟ್ಯಾಂಕ್ ತುಂಬಿಸಿ, ನಗದೂ ಇಟ್ಟುಕೊಳ್ಳಿ. ಎರಡು ದಿನ ಫೋನ್ ಸಿಗದಿರಬಹುದೆಂದು ಮನೆಯವರಿಗೆ ಮೊದಲೇ ತಿಳಿಸಿಬಿಡಿ.