ಪಾಯದ ಪಕ್ಕ ಟೆಸ್ಟ್ ಪಿಟ್ ತೋಡಿದರೆ ಕಟ್ಟಡಕ್ಕೆ ಅಪಾಯವೇ?

ಗೋಡೆಯ ಬುಡದ ತೇವ ಆರುತ್ತಲೇ ಇಲ್ಲ, ಎಂಜಿನಿಯರು ಪಾಯದ ಪಕ್ಕ ಗುಂಡಿ ತೋಡಿ ನೋಡೋಣ ಅನ್ನುತ್ತಿದ್ದಾರೆ, ಅದರಿಂದ ಪಾಯವೇ ಸಡಿಲವಾದರೆ ಏನು ಗತಿ ಅಂತ ಕೇಳಿದ್ದೀರಿ. ನಿಮ್ಮ ಭಯ ನ್ಯಾಯವಾದದ್ದೇ. ಇಂಥ ಗುಂಡಿಗಳನ್ನು ತೋಡಿಸುವುದೇ ನನ್ನ ಕೆಲಸ, ಹಾಗಾಗಿ ಹೇಳುತ್ತೇನೆ: ಕ್ರಮ ತಪ್ಪದಿದ್ದರೆ ಹೆದರಬೇಕಿಲ್ಲ.

ಫುಟಿಂಗಿನ, ಅಂದರೆ ಗೋಡೆಯ ಭಾರವನ್ನು ಮಣ್ಣಿಗಿಳಿಸುವ ಪಾಯದ ಅಡಿಭಾಗದ, ತಳ ಕಂಡ ಕೂಡಲೇ ಗುದ್ದಲಿ ನಿಲ್ಲಬೇಕು. ಅದರಡಿಯ ಮಣ್ಣೇ ಗೋಡೆಯ ಭಾರ ಹೊತ್ತಿರುವುದು, ಅದನ್ನು ಕೆರೆಯಲೇಬಾರದು. ಗೋಡೆಯುದ್ದಕ್ಕೂ ಕಾಲುವೆ ತೆಗೆಸಬೇಡಿ. ಸುಮಾರು 1 ಮೀಟರ್ ಅಗಲದ ಒಂದೇ ಗುಂಡಿ ಸಾಕು. ಇನ್ನೊಂದು ಬೇಕೆನಿಸಿದರೆ ಮೊದಲನೆಯದನ್ನು ಮುಚ್ಚಿದ ಮೇಲೆ. ಗೋಡೆ ಹತ್ತಿರವಾದಂತೆ ಯಂತ್ರ ಬಿಟ್ಟು ಕೈಯಲ್ಲೇ ಅಗೆಸಿ. ಆಳ 1.2 ಮೀಟರ್ ದಾಟಿತೋ, ಹಲಗೆಯ ಆಸರೆ ಕೊಡದೆ ಯಾರನ್ನೂ ಒಳಗಿಳಿಸಬೇಡಿ. ಒಂದು ಘನ ಮೀಟರ್ ಹಸಿಮಣ್ಣು ಒಂದೂವರೆ ಟನ್ನಿಗೂ ಮೇಲೆ ತೂಗುತ್ತದೆ. ಕುಸಿದರೆ ಕೂಗುವಷ್ಟೂ ಸಮಯ ಸಿಗುವುದಿಲ್ಲ.

ತೋಡಿದ ದಿನವೇ ಮುಚ್ಚುವ ಆತುರ ಬೇಡ. ಸುತ್ತ ಬೇಲಿ ಕಟ್ಟಿ, ಮಳೆ ಬೀಳದಂತೆ ಮೇಲೆ ಹೊದಿಸಿ, ಒಂದು ರಾತ್ರಿ ಬಿಡಿ. ನೀರು ತಳದಿಂದ ಮೇಲೇರಿ ನಿಂತಿದ್ದರೆ ಅಂತರ್ಜಲದ ಅನುಮಾನ. ಪಕ್ಕದಿಂದ ಒಸರುತ್ತಿದ್ದರೆ ಕಥೆಯೇ ಬೇರೆ. ನಾನು ನೋಡಿದ ಒಂದು ಗುಂಡಿಯ ತಳ ಬೆಳಿಗ್ಗೆ ಒಣಗಿಯೇ ಇತ್ತು. ಆದರೆ ಮೊಣಕಾಲೆತ್ತರದಲ್ಲಿ, ಹಳೆಯ ಪೈಪಿನ ಸುತ್ತ ಅಂಗೈಯಗಲ ಮಣ್ಣು ಕಪ್ಪಾಗಿ, ಅಲ್ಲಿಂದ ನೂಲಿನಂತೆ ನೀರು ಇಳಿಯುತ್ತಿತ್ತು. ಅದೇ ಮಟ್ಟದಲ್ಲಿ ಗೋಡೆಯ ಮೇಲೆ ಬಿಳಿ ಉಪ್ಪಿನ ಗೆರೆ. ಸೋರುತ್ತಿದ್ದದ್ದು ಬಚ್ಚಲಿನ ಪೈಪಿನ ಜಾಯಿಂಟು! ಆ ಮನೆಯವರು ಅಷ್ಟರಲ್ಲಿ ಒಳಗೋಡೆಗೆ ಎರಡು ಸಲ ವಾಟರ್‌ಪ್ರೂಫಿಂಗ್ ಬಳಿಸಿಯಾಗಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಅದಕ್ಕೇ, ಗುದ್ದಲಿ ಹಿಡಿಯುವ ಮೊದಲು ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ನೋಡಿ. ಮುಳ್ಳು ತಿರುಗುತ್ತಿದ್ದರೆ ಎಲ್ಲೋ ಪೈಪು ಸೋರುತ್ತಿದೆ. ಬಚ್ಚಲ ನೀರು ಹೋಗುವ ಪೈಪನ್ನು ಮಾತ್ರ ಮೀಟರ್ ತೋರಿಸದು, ಗುಂಡಿ ತೋಡಿದ ಮೇಲೆ ಆ ಪೈಪಿನಲ್ಲಿ ಬಣ್ಣದ ನೀರು ಬಿಟ್ಟು, ಬಣ್ಣ ಗುಂಡಿಯಲ್ಲಿ ಕಾಣಿಸುತ್ತದೆಯೇ ಎಂದು ಕಾಯಬೇಕು. ನೆಲದಡಿ ವಿದ್ಯುತ್ ಕೇಬಲ್ ಎಲ್ಲಿದೆ ಅನ್ನುವುದೂ ಮೊದಲೇ ಗೊತ್ತಿರಲಿ.

ಗುಂಡಿಯೊಳಗೆ ಫುಟಿಂಗೂ ಗೋಡೆಯೂ ಕೂಡುವ ಸಂದನ್ನು ಬ್ರಷ್ಷಿನಿಂದ ಉಜ್ಜಿ ನೋಡಿಸಿ, ಹೆಚ್ಚಾಗಿ ನೀರು ದಾರಿ ಮಾಡಿಕೊಳ್ಳುವುದು ಅಲ್ಲೇ. ಅಳತೆ ಪಟ್ಟಿ ಇಟ್ಟು ಫೋಟೋ ತೆಗೆದುಕೊಳ್ಳಿ.

ಮುಚ್ಚುವಾಗ 15 ಸೆಂಟಿಮೀಟರಿನಂತೆ ಪದರ ಪದರವಾಗಿ ಮಣ್ಣು ಹಾಕಿ ದಮ್ಮಸು ಮಾಡಿಸಿ, ಮೇಲ್ಮೈ ಗೋಡೆಯಿಂದ ಆಚೆಗೆ ಇಳಿಜಾರಾಗಿರಲಿ. ಸಡಿಲವಾಗಿ ತುಂಬಿದ ಗುಂಡಿ ಮುಂದಿನ ಮಳೆಯ ನೀರನ್ನು ನೇರ ಪಾಯಕ್ಕೇ ಇಳಿಸುತ್ತದೆ.