ಮನೆಯಿಂದ ಓಡಾಡಿಸಿ, ಆದ್ರೆ ಬೇಗ ಬಾ ಅನ್ನಬೇಡಿ

ಅಕ್ಕ, ನೀವು ಕೇಳಿದ್ದು ಓದಿದೆ. ಮಾರ್ಚ್‌ನಲ್ಲಿ ಪಿಆರ್ (ಕಾಯಂ ವಾಸದ ಅನುಮತಿ) ಮೇಲೆ ಕೆನಡಾದ ಟೊರಾಂಟೊ ಪಕ್ಕದ ಬ್ರಾಂಪ್ಟನ್‌ಗೆ ಬಂದಿದ್ದೀರಿ, ಮಗಳಿಗೆ ಸೆಪ್ಟೆಂಬರ್‌ಗೆ ಟೊರಾಂಟೊದ ಯಾರ್ಕ್ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ. ರೆಸಿಡೆನ್ಸ್‌ಗೆ (ಕ್ಯಾಂಪಸ್ ಹಾಸ್ಟೆಲ್ಲಿಗೆ) ಹಾಕೋದಾ, ಮನೆಯಿಂದಲೇ ಓಡಾಡಿಸೋದಾ ಅನ್ನೋದು ನಿಮ್ಮ ಚಿಂತೆ. ಜೊತೆಗೆ ಕಾರು, ಚಳಿ, ಪಾರ್ಟ್‌ಟೈಮ್ ಕೆಲಸ, ಕತ್ತಲಾದ ಮೇಲಿನ ಓಡಾಟ ಅಂತ ನಾಲ್ಕು ಬಾಲಂಗೋಚಿ. "ನಾನೂ ಮಂಡ್ಯದಿಂದ ಮೈಸೂರಿಗೆ ಟ್ರೈನಲ್ಲಿ ಓಡಾಡಿ ಬಿಎಸ್ಸಿ ಮಾಡಿದೋಳು, ಅವಳಿಗೇನು ಕಷ್ಟ" ಅಂತ ಕೊನೇಲಿ ಬರೆದಿದ್ದೀರಲ್ಲ, ನಾನು ಉತ್ತರ ಬರೆಯೋಕೆ ಕೂತಿದ್ದು ಆ ಒಂದು ಸಾಲಿಗೆ.

ಮೊದಲು ಸಣ್ಣಪುಟ್ಟದ್ದು ಮುಗಿಸ್ತೀನಿ.

ಕಾರು ಬೇಡ. ಬ್ರಾಂಪ್ಟನ್ ವಿಳಾಸಕ್ಕೆ ಇನ್ಶೂರೆನ್ಸ್ ಒಂಟಾರಿಯೊದಲ್ಲೇ ದುಬಾರಿ, ಹೊಸದಾಗಿ ಲೈಸೆನ್ಸ್ ತಗೊಂಡ ಹುಡುಗಿ ಹೆಸರು ಸೇರಿಸಿದ್ರೆ ಕೇಳೋದೇ ಬೇಡ. ಹೈವೇ 407ರಲ್ಲಿ ಹೋದ್ರೆ ಟೋಲ್, ಕ್ಯಾಂಪಸ್‌ನಲ್ಲಿ ಪಾರ್ಕಿಂಗ್‌ಗೆ ದುಡ್ಡು. ಜಿ1 ಅನ್ನೋ ಕಲಿಕಾ ಲೈಸೆನ್ಸಿನ ಪರೀಕ್ಷೆ ಮಾತ್ರ ಈಗಲೇ ಬರೆಸಿಡಿ, ಮುಂದಿನ ಹಂತದ ಜಿ2ಗೆ ಕಾಯೋ ಕಾಲ ಸುಮ್ಮನೆ ಓಡುತ್ತಿರಲಿ.

ಚಳಿಗೆ ಹೆದರಬೇಡಿ. ಕ್ಲಾಸಲ್ಲಿ, ಸಬ್‌ವೇಲಿ ಬೆಚ್ಚಗೇ ಇರುತ್ತೆ, ಕೊಲ್ಲೋದು ಬಸ್‌ಸ್ಟಾಪು. ಅದಕ್ಕೆ ಬೂಟು, ಗ್ಲೌಸಿಗೆ ದುಡ್ಡು ಹಾಕಿ, ಜಾಕೆಟ್ಟಿನ ಬ್ರ್ಯಾಂಡಿಗೆ ಬೇಡ.

ಬಸ್ಸಿನ ವಿಷಯದಲ್ಲಿ ನೀವು ಪುಣ್ಯವಂತರು. ಕ್ವೀನ್ ಸ್ಟ್ರೀಟ್‌ನಲ್ಲಿ ಜೂಮ್ 501 ಬಸ್ ಹತ್ತಿದ್ರೆ ವಾನ್ ಮೆಟ್ರೊಪಾಲಿಟನ್ ಸೆಂಟರ್, ಅಲ್ಲಿ ಸಬ್‌ವೇ ಹಿಡಿದ್ರೆ ಹೈವೇ 407, ಪಯನೀರ್ ವಿಲೇಜ್, ಆಮೇಲೆ ಯಾರ್ಕ್ ಯೂನಿವರ್ಸಿಟಿ. ಮೆಟ್ಟಿಲು ಹತ್ತಿ ಮೇಲೆ ಬಂದ್ರೆ ಕ್ಯಾಂಪಸ್ಸಿನ ನಟ್ಟನಡುವೆ ನಿಂತಿರ್ತಾಳೆ. ಈ ಸಬ್‌ವೇ ಬಂದಿದ್ದು 2017ರ ಡಿಸೆಂಬರ್‌ನಲ್ಲಿ. 2024ರ ಫೆಬ್ರವರಿ 26ರಿಂದ ಬ್ರಾಂಪ್ಟನ್ ಬಸ್ಸಿಗೂ ಟಿಟಿಸಿಗೂ (ಟೊರಾಂಟೊದ ಬಸ್ಸು, ಸಬ್‌ವೇ) ಒಂದೇ ಟಿಕೆಟ್ ಸಾಕು, ಎರಡು ಗಂಟೆ ಒಳಗೆ ಬದಲಾಯಿಸಿದ್ರೆ ಇನ್ನೊಂದು ಸಲ ದುಡ್ಡು ಹಿಡಿಯಲ್ಲ. ಎರಡೂ ಕಡೆ ಅದೇ ಪ್ರೆಸ್ಟೊ ಕಾರ್ಡ್ ತಟ್ಟಬೇಕು ಅಷ್ಟೇ. ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ ಅಂತ ಹೇಳೋ ವಯಸ್ಸು ನನಗೂ ಬಂತು ನೋಡಿ.

ದುಡ್ಡಿನ ಮಾತು. ಒಸ್ಯಾಪ್ (ಓದೋಕೆ ಒಂಟಾರಿಯೊ ಸರ್ಕಾರ ಕೊಡೋ ನೆರವು, ಸಾಲ) ಸಿಗುತ್ತಾ ಅಂದ್ರಿ. ಪಿಆರ್ ಇದ್ರೆ ಅರ್ಜಿ ಹಾಕಬಹುದು, ಆದ್ರೆ ಒಂಟಾರಿಯೊದಲ್ಲಿ ಒಂದು ವರ್ಷ ವಾಸ ಆಗಿರಬೇಕು ಅನ್ನೋ ನಿಯಮವೂ ಇದೆ. ನೀವು ಬಂದು ಆರು ತಿಂಗಳೂ ಆಗಿಲ್ಲ, ಫೈನಾನ್ಷಿಯಲ್ ಏಡ್ ಆಫೀಸಿಗೆ ಹೋಗಿ ಎದುರಿಗೇ ಕೇಳಿ. ಮನೇಲಿದ್ದು ಓದೋರಿಗೆ ಖರ್ಚಿನ ಲೆಕ್ಕ ಕಡಿಮೆ ಹಿಡೀತಾರೆ, ಅದಕ್ಕೆ ತಕ್ಕ ಹಾಗೆ ಕೈಗೆ ಬರೋದೂ ಕಡಿಮೆ. ರೆಸಿಡೆನ್ಸ್‌ನಲ್ಲಿ ರೂಮ್ ಬಾಡಿಗೆ ಮಾತ್ರ ನೋಡಬೇಡಿ, ಬಹಳ ಕಡೆ ಊಟದ ಪ್ಲಾನ್ ಕಡ್ಡಾಯ. ನಿಮ್ಮ ಮಗಳು ಅನ್ನ ಸಾರು ಅಂತ ಹುಡುಕ್ಕೊಂಡು ಮನೆಗೆ ಬಂದ್ರೂ ಆ ದುಡ್ಡು ಕಟ್ಟಲೇಬೇಕು. ಇನ್ನೊಂದು, ಯಾರ್ಕ್‌ನಲ್ಲಿ ಸ್ಟ್ರೈಕ್ ಆಗೋದುಂಟು. 2008, 2015, 2018, 2024ರಲ್ಲಿ ಆಗಿತ್ತು. 2018ರಲ್ಲಂತೂ ತಿಂಗಳುಗಟ್ಟಲೆ ನಡೀತು. ಆಗೆಲ್ಲ ಮನೆಯಿಂದ ಓಡಾಡೋ ಮಕ್ಕಳ ತಂದೆತಾಯಿಗಳು ಬಾಡಿಗೆ ದಂಡ ಇಲ್ಲವಲ್ಲ ಅಂತ ನಿಟ್ಟುಸಿರು ಬಿಟ್ಟರು. ಹಾಗಂತ ಗಾಬರಿ ಬೇಡ.

ಅಲ್ಲಿಗೆ ಲೆಕ್ಕ ನೋಡಿದ್ರೆ ಮನೆಯೇ ಸರಿ. ನಾನೂ ಅದನ್ನೇ ಹೇಳ್ತೀನಿ. ನಾನು ಹಾಗೇ ಓದಿದೋನು. ಡಿಗ್ರಿ ಮುಗಿಸಿದ ದಿನ ನನ್ನ ತಲೆ ಮೇಲೆ ಒಂದು ಡಾಲರ್ ಸಾಲ ಇರಲಿಲ್ಲ. ಗೋದಾಮಲ್ಲಿ ರಾತ್ರಿ ಪಾಳಿ ಮಾಡ್ತಿದ್ದ ಅಪ್ಪ ಇವತ್ತಿಗೂ ಬಂದೋರಿಗೆಲ್ಲ ಹೇಳಿಕೊಳ್ಳೋದು ಅದೊಂದನ್ನೇ. ಅವರು ಹೇಳಿಕೊಂಡಾಗ ನನಗೂ ಖುಷಿನೇ.

ಈಗ ನಿಮ್ಮ ಮಂಡ್ಯ–ಮೈಸೂರು ಟ್ರೈನಿಗೆ ಬರ್ತೀನಿ.

ನಮ್ಮದು ಮದ್ದೂರು. ನನ್ನ ಚಿಕ್ಕಪ್ಪನೂ ನಿಮ್ಮ ಹಾಗೇ ಪಾಸ್ ಮಾಡಿಸಿಕೊಂಡು ಓಡಾಡಿದೋರು. ಅವರ ಕಾಲೇಜಿನ ಕಥೆ ಕೇಳಿದ್ರೆ ಮುಕ್ಕಾಲು ಪಾಲು ಬೋಗೀಲೇ ನಡೀತದೆ. ರೆಕಾರ್ಡ್ ಬುಕ್ ತೊಡೆ ಮೇಲಿಟ್ಟುಕೊಂಡು ಇನ್ನೊಬ್ಬರದ್ದು ನೋಡಿ ಇಳಿಸಿಕೊಳ್ಳೋದು, ಪಾಂಡವಪುರದಲ್ಲಿ ಹತ್ತೋ ಗೆಳೆಯನಿಗೆ ಟವೆಲ್ ಹಾಕಿ ಸೀಟ್ ಹಿಡಿಯೋದು, ಲೆಕ್ಕ ಬರದಿದ್ರೆ ಶ್ರೀರಂಗಪಟ್ಟಣ ದಾಟೋದ್ರೊಳಗೆ ಸೀನಿಯರ್ ಹತ್ರ ಹೇಳಿಸಿಕೊಳ್ಳೋದು. ಅವರ ಮೊದಲ ಕೆಲಸವನ್ನೂ ಅದೇ ಬೋಗಿಯಲ್ಲಿ ಬರ್ತಿದ್ದ ಮೇಷ್ಟ್ರೊಬ್ಬರೇ ಕೊಡಿಸಿದ್ದು. ನಿಮಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಓಡಾಟ ಅಂದ್ರೆ ಕಾಲೇಜಿನ ಒಳಗಿನದೇ ಒಂದು ಭಾಗ.

ಇಲ್ಲಿ ಹಾಗಲ್ಲ ಅಕ್ಕ. 501ರಲ್ಲಿ ಕಿಕ್ಕಿರಿದು ನಿಂತಿರೋ ಅರ್ಧ ಜನ ಅದೇ ಯಾರ್ಕ್‌ಗೆ ಹೋಗೋ ಮಕ್ಕಳೇ ಇರಬಹುದು. ಎಲ್ಲರ ಕಿವೀಲೂ ಇಯರ್‌ಫೋನ್. ವರ್ಷಪೂರ್ತಿ ಒಂದೇ ಬಸ್ಸಲ್ಲಿ ಹೋದ್ರೂ ಪಕ್ಕದೋಳ ಹೆಸರು ಗೊತ್ತಾಗಲ್ಲ. ಕೆಟ್ಟ ಜನ ಅಂತಲ್ಲ, ಬಸ್ಸಲ್ಲಿ ಮಾತಾಡಿಸೋ ರೂಢಿ ಇಲ್ಲ ಅಷ್ಟೇ. ಹಾಗಾಗಿ ನಿಮಗೆ ಟ್ರೈನಲ್ಲೇ ದಕ್ಕಿದ್ದು ನಿಮ್ಮ ಮಗಳಿಗೆ ದಕ್ಕಬೇಕು ಅಂದ್ರೆ ಕ್ಯಾಂಪಸ್ಸಲ್ಲೇ ದಕ್ಕಬೇಕು. ಅದೂ ಕ್ಲಾಸ್ ಮುಗಿದ ಮೇಲೆ. ಓಡಾಡೋ ಮಕ್ಕಳು ಮನೆ ಕಡೆ ಮುಖ ಮಾಡೋದು ಸರಿಯಾಗಿ ಆ ಹೊತ್ತಿಗೇ.

ನಾವು ಬಂದಿದ್ದು 2003ರ ಆಗಸ್ಟ್‌ನಲ್ಲಿ. ಬಂದ ಮೊದಲ ವಾರಗಳಲ್ಲೇ, 14ನೇ ತಾರೀಕು, ಒಂಟಾರಿಯೊದ ಬಹುಭಾಗಕ್ಕೆ ಕರೆಂಟ್ ಹೋಯ್ತು. ಅಮ್ಮ ಮೇಣದಬತ್ತಿ ಹುಡುಕ್ತಾ, "ಮದ್ದೂರೇ ವಾಸಿಯಾಗಿತ್ತಲ್ಲ" ಅಂದ್ರು. ಒಂದು ವರ್ಷ ಇಲ್ಲಿ ಹನ್ನೆರಡನೇ ಕ್ಲಾಸು ಮುಗಿಸಿ 2004ರಲ್ಲಿ ಯಾರ್ಕ್ ಸೇರಿದೆ. ಹಿಂದಿನ ವರ್ಷವಷ್ಟೇ ಹದಿಮೂರನೇ ವರ್ಷದ ಸ್ಕೂಲ್ ತೆಗೆದುಹಾಕಿ ಎರಡು ಬ್ಯಾಚ್ ಒಟ್ಟಿಗೆ ಯೂನಿವರ್ಸಿಟಿಗೆ ನುಗ್ಗಿತ್ತು. ಎಲ್ಲೆಲ್ಲೂ ಜನ. ಮಿಸಿಸಾಗದ ಸ್ಕ್ವೇರ್ ಒನ್‌ನಿಂದ 407 ಮೇಲೆ ಗೋ ಅನ್ನೋ ಊರೂರ ನಡುವಿನ ಬಸ್ ಹಿಡಿದು ಹೋಗ್ತಿದ್ದೆ. ಆಗ ಅದು ಕ್ಯಾಂಪಸ್ ಒಳಗೇ ನಿಲ್ತಿತ್ತು.

ಸೀನಿಯರ್‌ಗಳು ಒಂದು ಉಪಾಯ ಹೇಳಿಕೊಟ್ಟರು. ಎಲ್ಲ ಕ್ಲಾಸನ್ನೂ ವಾರಕ್ಕೆ ಎರಡೇ ದಿನಕ್ಕೆ ತುರುಕಿಬಿಡು, ಬಸ್ ಖರ್ಚು ಉಳಿಯುತ್ತೆ, ಉಳಿದ ದಿನ ಆರಾಮ. ನಿಮಗೂ ಇದನ್ನೇ ಹತ್ತು ಜನ ಹೇಳ್ತಾರೆ. ನಾನು ಹಾಗೇ ಮಾಡಿದೆ. ಬೆಳಿಗ್ಗೆ ಎಂಟೂವರೆಯಿಂದ ಒಂದರ ಹಿಂದೆ ಒಂದು. ಕರ್ಟಿಸ್ ಲೆಕ್ಚರ್ ಹಾಲ್‌ನಲ್ಲಿ ನೂರಾರು ಜನದ ನಡುವೆ ಕೂತು ಬರ್ಕೊಳ್ಳೋದು, ಎದ್ದು ಓಡೋದು. ಕೊನೇ ಟ್ಯುಟೋರಿಯಲ್ ಮುಗಿಯೋ ಹೊತ್ತಿಗೆ ಅಮ್ಮನ ಫೋನ್. "ಹೊರಟ್ಯಾ? ಎಸರಿಟ್ಟಿದೀನಿ." ಮುದ್ದೆ ಮನೆಯ ಕಥೆ ನಿಮಗೆ ಗೊತ್ತಲ್ಲ, ಆರಿದ ಮುದ್ದೆ ಯಾರಿಗೂ ಬೇಡ. ನಾನು ಬಸ್ ಹತ್ತಿ ಫೋನ್ ಮಾಡಿದ್ರೆ ಅಮ್ಮ ಹಿಟ್ಟು ಹಾಕೋದು, ಬಾಗಿಲು ತೆಗೆಯೋ ಹೊತ್ತಿಗೆ ಮುದ್ದೆ ಕಟ್ಟೋದು. ಆ ಬಸ್ ತಪ್ಪಿದ್ರೆ ಮುಂದಿನದ್ದು ಬರೋವರೆಗೆ ಹೊರಗೆ ನಿಲ್ಲಬೇಕು. ಅದಕ್ಕೆ ಟಿಎ (ಟ್ಯುಟೋರಿಯಲ್ ನಡೆಸೋ ಸಹಾಯಕರು) "ಪ್ರಶ್ನೆ ಇದ್ರೆ ನಿಲ್ಲಿ" ಅಂದಾಗೆಲ್ಲ ನನ್ನ ಬ್ಯಾಗು ಆಗಲೇ ಹೆಗಲ ಮೇಲಿರ್ತಿತ್ತು. ಪ್ರೊಫೆಸರುಗಳ ಆಫೀಸ್ ಅವರ್ಸ್, ಅಂದ್ರೆ ಮಕ್ಕಳು ಹೋಗಿ ಮಾತಾಡಬಹುದಾದ ಹೊತ್ತು, ಬಾಗಿಲ ಮೇಲೆ ಅಂಟಿಸಿರ್ತಾರೆ, ಯಾವಾಗಲೂ ನಾನು ಬಾರದ ದಿನವೇ.

ಬಾರದ ದಿನ ಆರಾಮ ಅಂದ್ರಲ್ಲ ಸೀನಿಯರ್‌ಗಳು. ಅವರ ಮನೆಯವರು ಇಲ್ಲೇ ಹುಟ್ಟಿದೋರು ಇರಬೇಕು. ನಮ್ಮಂಥ ಹೊಸಬರ ಮನೇಲಿ ಇಂಗ್ಲಿಷ್ ಚೆನ್ನಾಗಿ ಬರೋ ಮಗ ಮನೇಲಿದ್ದಾನೆ ಅಂದ್ರೆ ಅವನೇ ಗುಮಾಸ್ತ. ಹೈಡ್ರೊ (ಕರೆಂಟ್) ಬಿಲ್ ಯಾಕೆ ಜಾಸ್ತಿ ಬಂತು ಅಂತ ಫೋನ್ ಹಚ್ಚೋನು ಅವನೇ, ಅಮ್ಮನ್ನ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ ಡಾಕ್ಟರ್ ಹೇಳಿದ್ದನ್ನ ಕನ್ನಡದಲ್ಲಿ ಹೇಳೋನೂ ಅವನೇ, ತಂಗಿ ಸ್ಕೂಲಿನ ಪೇರೆಂಟ್ ಮೀಟಿಂಗಿಗೂ ಅವನೇ. ಅದರಲ್ಲಿ ತಪ್ಪೇನಿಲ್ಲ, ಮಾಡಬೇಕಾದ್ದೇ. ಆದ್ರೆ ರೆಸಿಡೆನ್ಸ್‌ನಲ್ಲಿರೋ ಹುಡುಗನ್ನ ಯಾರೂ ಮಂಗಳವಾರ ಮಧ್ಯಾಹ್ನ ಕ್ಲಿನಿಕ್‌ಗೆ ಕರೆಯಲ್ಲ. ಮನೇಲಿರೋನ ಟೈಮ್‌ಟೇಬಲ್‌ನಲ್ಲಿ ಖಾಲಿ ಕಂಡಿದ್ದೆಲ್ಲ ಮನೆಯವರದ್ದೇ ಆಗಿಹೋಗುತ್ತೆ.

ಇದರ ಬಿಸಿ ತಟ್ಟಿದ್ದು ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆದ ಮೇಲೆ. ಮಾಸ್ಟರ್ಸ್ ಮಾಡೋಣ ಅಂತ ಅರ್ಜಿ ತೆಗೆದೆ. ಮಾರ್ಕ್ಸ್ ಸಾಲುತ್ತಿತ್ತು. ಆದ್ರೆ ಪಾಠ ಹೇಳಿದ ಇಬ್ಬರು ಪ್ರೊಫೆಸರುಗಳ ಶಿಫಾರಸು ಪತ್ರ ಬೇಕಿತ್ತು. ಇಬ್ಬರ ಹೆಸರು ಬರೆಯೋಕೆ ಕೂತೆ. ನನ್ನ ಮುಖ ನೆನಪಿರಬಹುದಾದ ಒಬ್ಬರೂ ಹೊಳೀಲಿಲ್ಲ. ಒಬ್ಬರಿಗೆ ಧೈರ್ಯ ಮಾಡಿ ಇಮೇಲ್ ಹಾಕಿದೆ. ತುಂಬಾ ಮರ್ಯಾದೆಯಿಂದ ಉತ್ತರ ಬರೆದರು: ನಿಮ್ಮ ಗ್ರೇಡ್ ನನ್ನ ದಾಖಲೆಯಲ್ಲಿದೆ, ಅದಕ್ಕಿಂತ ಹೆಚ್ಚು ನಿಮ್ಮ ಬಗ್ಗೆ ಬರೆಯೋಕೆ ನನ್ನ ಹತ್ರ ಏನೂ ಇಲ್ಲ, ಅಂಥ ಪತ್ರ ನಿಮಗೆ ಉಪಕಾರಕ್ಕಿಂತ ತೊಂದರೆಯೇ ಮಾಡುತ್ತೆ ಅಂತ. ಅವರು ಹೇಳಿದ್ದು ಸರಿಯೇ. ಆ ಅರ್ಜಿ ಹೋಗಲೇ ಇಲ್ಲ. ಈಗ ನನಗಿರೋ ಕೆಲಸಕ್ಕೆ ಏನೂ ಕೊರತೆ ಇಲ್ಲ, ಸಂಬಳವೂ ಚೆನ್ನಾಗಿದೆ. ಆದರೂ ಆ ಮಾಸ್ಟರ್ಸ್ ಇವತ್ತಿಗೂ ಒಂದು ಮುಳ್ಳೇ.

ದೂರ ಒಂದನ್ನೇ ಬೈಯೋಕೂ ಆಗಲ್ಲ. ನನ್ನ ತಂಗಿ ಅದೇ ಮನೆಯಿಂದ, ಅದೇ ಮುದ್ದೆ ಉಂಡುಕೊಂಡು, ನನಗಿಂತ ದೂರದ ಡೌನ್‌ಟೌನಿಗೆ ಹೋಗಿ ಈಗಿನ ಟೊರಾಂಟೊ ಮೆಟ್ರೊಪಾಲಿಟನ್ ಯೂನಿವರ್ಸಿಟಿಯಲ್ಲಿ ಓದಿದಳು. ಅವಳು ಮೊದಲನೇ ವರ್ಷವೇ ಕ್ಯಾಂಪಸ್ ಲೈಬ್ರರೀಲಿ ಪುಸ್ತಕ ಜೋಡಿಸೋ ಕೆಲಸ ಹಿಡಿದಳು. ಕೆಲಸ ಅಂದ ಮೇಲೆ ಅಮ್ಮ ಬೇಗ ಬಾ ಅನ್ನೋ ಹಾಗಿಲ್ಲ. ಆ ನೆಪದಲ್ಲಿ ಸಂಜೆವರೆಗೆ ಅಲ್ಲೇ ಇದ್ದಳು, ಲೈಬ್ರರಿಯವರು ಪರಿಚಯ, ಅವರಿಂದ ಒಬ್ಬರು ಪ್ರೊಫೆಸರ್ ಪರಿಚಯ, ಬೇಸಿಗೇಲಿ ಅವರ ಹತ್ರವೇ ರಿಸರ್ಚ್ ಕೆಲಸ. ಪತ್ರ ಬೇಕಾದಾಗ ಯಾರನ್ನ ಬಿಡೋದು ಅಂತ ಅವಳಿಗೆ ಯೋಚನೆ.

ಟೊರಾಂಟೊದ ನಾಲ್ಕು ಯೂನಿವರ್ಸಿಟಿ ಸೇರಿ 2015ರಲ್ಲಿ ಮಕ್ಕಳ ಓಡಾಟದ ಬಗ್ಗೆ ದೊಡ್ಡ ಸಮೀಕ್ಷೆ ಮಾಡಿದ್ದವು, ಅದರಲ್ಲಿ ಯಾರ್ಕ್ ಕೂಡ ಇತ್ತು. ಓಡಾಟ ನೋಡಿಕೊಂಡೇ ಕೋರ್ಸ್ ಆರಿಸಿಕೊಳ್ತೀವಿ, ಕ್ಲಾಸ್ ಬಿಟ್ಟು ಬೇರೆ ಯಾವುದಕ್ಕೂ ಕ್ಯಾಂಪಸ್ಸಿಗೆ ಬರೋಕಾಗಲ್ಲ ಅಂತ ಎಷ್ಟೋ ಮಕ್ಕಳು ಹೇಳಿದ್ರು. ಅದನ್ನ ಓದಿದಾಗ ನನಗೆ ನಮ್ಮನೆ ಕಥೆ ಅಷ್ಟೇ ಅಲ್ಲ ಅಂತ ಗೊತ್ತಾಯ್ತು.

ಆದ್ದರಿಂದ ಮನೆಯಿಂದಲೇ ಕಳಿಸಿ, ಆದ್ರೆ ಎರಡು ದಿನಕ್ಕೆ ತುರುಕೋಕೆ ಬಿಡಬೇಡಿ. ನಾಲ್ಕು ದಿನ ಹೋಗಲಿ, ಕ್ಲಾಸಿನ ನಡುವೆ ಎರಡು ಗಂಟೆ ಬಿಡುವಿರಲಿ. ಆ ಬಿಡುವು ದಂಡ ಅಂತ ಕಾಣುತ್ತೆ, ಆದ್ರೆ ದಂಡ ಅಲ್ಲ. ಅವಳಿಗೆ ಯಾರ್ಕ್‌ನೊಳಗೇ ಸ್ಟಾಂಗ್, ಕ್ಯಾಲುಮೆಟ್, ವ್ಯಾನಿಯರ್, ಹೀಗೆ ಯಾವುದಾದ್ರೂ ಒಂದು ಕಾಲೇಜು ಗೊತ್ತುಮಾಡಿರ್ತಾರೆ, ರೆಸಿಡೆನ್ಸ್‌ನಲ್ಲಿ ಇಲ್ಲದೋರಿಗೂ. ಅಲ್ಲಿ ಕೂರೋಕೆ ಜಾಗ, ಚೆಸ್ಸು, ಟೀ, ಮಾತಾಡೋ ಜನ. ಮೊದಲ ವಾರದ ಓರಿಯಂಟೇಷನ್‌ಗೆ ಪೂರ್ತಿ ಹೋಗಲಿ, ಆ ವಾರ ಗೌರಿ ಹಬ್ಬವೇ ಬಂದ್ರೂ. ಪಾರ್ಟ್‌ಟೈಮ್ ಕೆಲಸ ಕೇಳಿದ್ರಲ್ಲ, ಮನೆ ಹತ್ರದ ಟಿಮ್ ಹಾರ್ಟನ್ಸ್‌ಗಿಂತ ಗಂಟೆಗೆ ಒಂದು ಡಾಲರ್ ಕಡಿಮೆ ಬಂದ್ರೂ ಕ್ಯಾಂಪಸ್ ಒಳಗಿನ ಕೆಲಸವೇ ನೋಡಲಿ. ಕತ್ತಲಾದ ಮೇಲೆ ಸ್ಟೇಷನ್‌ವರೆಗೆ ಜೊತೆಗೆ ಬರೋಕೆ ಯಾರ್ಕ್‌ನಲ್ಲಿ ಗೋಸೇಫ್ ಅಂತ ಉಚಿತ ವ್ಯವಸ್ಥೆ ಇದೆ, ನಂಬರ್ ಫೋನಲ್ಲಿ ಹಾಕಿಕೊಳ್ಳಲಿ. ಬ್ರಾಂಪ್ಟನ್ ಕಡೆ ಇಳಿದ ಮೇಲೆ ಭಾವ ಸ್ಟಾಪಿಗೆ ಹೋಗಿ ಕರ್ಕೊಂಡು ಬರಲಿ, ಜನವರೀಲಿ ಅದು ಬೇಕೇ ಬೇಕು.

ಮತ್ತೆ ನಿಮಗೆ ಹೇಳಬೇಕಾದ್ದು: ವಾರದಲ್ಲಿ ಎರಡು ಸಂಜೆ ಅವಳು ಎಂಟೂವರೆ ಒಂಬತ್ತಕ್ಕೆ ಬರ್ತಾಳೆ ಅಂತ ಈಗಲೇ ಮಾತಾಡಿಕೊಳ್ಳಿ. ಆ ಎರಡು ದಿನ "ಎಲ್ಲಿದೀಯಾ" ಅಂತ ಫೋನ್ ಮಾಡಬೇಡಿ, ಅವಳೇ ಬಸ್ ಹತ್ತಿ ಮೆಸೇಜ್ ಹಾಕಲಿ. ಅಡುಗೆಗೆ ಚಪಾತಿ ಮಾಡಿಡಿ, ಮುದ್ದೆ ಮಿಕ್ಕ ದಿನಕ್ಕಿರಲಿ. ಬಿಲ್ಲು, ಬ್ಯಾಂಕು, ಕ್ಲಿನಿಕ್ಕು ಆದಷ್ಟು ನೀವೇ ಕಲೀರಿ. ಒಂದಷ್ಟು ದಿನ ತಡವರಿಸಿದ್ರೆ ಏನೂ ಆಗಲ್ಲ, ಕೇಳಿಸಿಕೊಳ್ಳೋ ತಾಳ್ಮೆ ಇಲ್ಲಿನೋರಿಗೆ ಇದೆ. ಮೈಸೂರಿಗೆ ಓಡಾಡಿ ಡಿಗ್ರಿ ತಗೊಂಡೋರಿಗೆ ಹೈಡ್ರೊ ಕಂಪನಿ ಏನು ಮಹಾ.

ಮೊದಲ ವರ್ಷ ಹೀಗೆ ನೋಡಿ. ಬಸ್ಸಲ್ಲೇ ಸುಸ್ತಾಗ್ತಿದ್ದಾಳೆ ಅನ್ನಿಸಿದ್ರೆ ಎರಡನೇ ವರ್ಷ ಕ್ಯಾಂಪಸ್ ದಕ್ಷಿಣಕ್ಕಿರೋ ವಿಲೇಜ್ ಅನ್ನೋ ಬಡಾವಣೆಯಲ್ಲಿ ಹುಡುಗಿಯರು ಸೇರಿ ರೂಮ್ ಮಾಡ್ತಾರೆ, ಆಗ ಯೋಚನೆ ಮಾಡಬಹುದು. ಮನೆ ನೋಡದೆ ಮುಂಗಡ ಮಾತ್ರ ಯಾರಿಗೂ ಕೊಡಬೇಡಿ.

ಕೋರ್ಸ್ ಎನ್‌ರೋಲ್‌ಮೆಂಟಿಗೆ ಅವಳ ದಿನ ಯಾವತ್ತು ಅಂತ ತಿಳಿಸಿ. ಒಳ್ಳೆ ಟೈಮಿನ ಸೆಕ್ಷನ್‌ಗಳು ಬೇಗ ತುಂಬಿಹೋಗ್ತವೆ. ಹಿಂದಿನ ದಿನವೇ ಟೈಮ್‌ಟೇಬಲ್ ಕರಡು ಕಳಿಸಿದ್ರೆ ಕೂತು ನೋಡ್ತೀನಿ, ಬುಧವಾರ ಆದ್ರೆ ಒಳ್ಳೇದು, ಅವತ್ತು ನಾನು ಮನೆಯಿಂದಲೇ ಕೆಲಸ ಮಾಡೋದು.