ಸರ್ಕಾರ ಬದಲಾದರೆ ಯೋಜನೆ ನಿಲ್ಲುವುದೇ? ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಉತ್ತರ

ನಗರ ಯೋಜನೆಯ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಅದಕ್ಕೆ ಹಿಂದೆ ಚುಟುಕಾಗಿ ಉತ್ತರಿಸಿದ್ದೆ. ಆದರೂ ಓದುಗರು ಮುಂಗಡ ಕೊಟ್ಟ ಮೇಲೆಯೇ ಪತ್ರ ಬರೆಯುತ್ತಿರುವುದರಿಂದ ಈ ಬಾರಿ ಹೆಚ್ಚಿನ ಜಾಗವನ್ನು ಆ ಪ್ರಶ್ನೆಗೇ ಕೊಟ್ಟಿದ್ದೇನೆ. ಕ್ರಯಪತ್ರ, ಋಣಭಾರ ಪತ್ರ, ಪಹಣಿ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಅವು ಗೊತ್ತಿಲ್ಲದೆ ಜಮೀನಿನ ವ್ಯವಹಾರಕ್ಕೆ ಇಳಿಯಲೇಬಾರದು.

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿ, ಪೆರಿಫೆರಲ್ ವರ್ತುಲ ರಸ್ತೆ ಹಾದುಹೋಗಲಿದೆ ಎನ್ನಲಾದ ಕಡೆ ನಿವೇಶನಕ್ಕೆ ಮುಂಗಡ ಕೊಟ್ಟಿದ್ದೇನೆ. ಮುಂದಿನ ಚುನಾವಣೆಯಲ್ಲಿ ಸರ್ಕಾರ ಬದಲಾದರೆ ಯೋಜನೆ ರದ್ದಾಗುತ್ತದೆಯೇ? ಇದೇ ಸರ್ಕಾರ ಉಳಿದರೆ ನನ್ನ ಹಣ ಸುರಕ್ಷಿತವೇ?

ಉತ್ತರ: ವಿಧಾನಸೌಧದಲ್ಲಿ ಯಾರು ಕೂತಿದ್ದಾರೆ ಎಂಬುದನ್ನು ನೋಡಿ ಯೋಜನೆಯ ಆಯುಷ್ಯವನ್ನು ಅಳೆಯಲಾಗದು. ಭೂಮಿ ಯಾವ ಹಂತದಲ್ಲಿದೆ, ಹಣ ಎಲ್ಲಿಂದ ಬರುತ್ತಿದೆ, ಸಹಿಯಾದ ಒಪ್ಪಂದ ಇದೆಯೇ ಎಂಬ ಮೂರು ವಿಷಯಗಳು ಅದನ್ನು ನಿರ್ಧರಿಸುತ್ತವೆ. ರಾಜಕೀಯ ಬದಲಾವಣೆಯ ಪೆಟ್ಟು ಬೀಳುವುದು ಈ ಮೂರರಲ್ಲಿ ಯಾವುದಾದರೂ ಸಡಿಲವಾಗಿರುವ ಯೋಜನೆಗಳ ಮೇಲೆ.

ನಮ್ಮ ಮೆಟ್ರೊದ ಮೊದಲ ಹಂತವನ್ನೇ ನೋಡಿ. 2006ರ ಜೂನ್‌ನಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು, 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ ಮೊದಲ ರೈಲು ಓಡಿತು, 42 ಕಿಲೋಮೀಟರಿನ ಇಡೀ ಹಂತ ಪೂರ್ಣಗೊಂಡಿದ್ದು 2017ರ ಜೂನ್‌ನಲ್ಲಿ. ಈ ಅವಧಿಯಲ್ಲಿ ರಾಜ್ಯವು ಮೂರು ಪ್ರಮುಖ ಪಕ್ಷಗಳ ಮುಖ್ಯಮಂತ್ರಿಗಳನ್ನೂ ನಡುವೆ ರಾಷ್ಟ್ರಪತಿ ಆಳ್ವಿಕೆಯನ್ನೂ ಕಂಡಿತು. ಕೆಲಸ ತಡವಾಯಿತು, ವೆಚ್ಚ ಏರಿತು, ಆದರೆ ಯೋಜನೆಯನ್ನು ಯಾರೂ ಕೈಬಿಡಲಿಲ್ಲ, ಏಕೆಂದರೆ ಅದನ್ನು ಕೈಬಿಡುವುದು ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ: ಮೆಟ್ರೊ ನಿಗಮದಲ್ಲಿ ಕೇಂದ್ರ ಮತ್ತು ರಾಜ್ಯಗಳದು ಸಮಪಾಲು, ಜಪಾನಿನ ಸಾಲಕ್ಕೆ ಸಹಿಯಾಗಿತ್ತು, ಗುತ್ತಿಗೆದಾರರ ಜೊತೆ ಒಪ್ಪಂದಗಳಾಗಿದ್ದವು, ನಗರದ ನಡುವೆ ಕಂಬಗಳು ಎದ್ದು ನಿಂತಿದ್ದವು.

ಈಗ ನೀವು ಕೇಳಿದ ರಸ್ತೆಗೆ ಬನ್ನಿ. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೆ ಮದ್ರಾಸ್ ರಸ್ತೆಗಳನ್ನು ದಾಟಿ ಹೊಸೂರು ರಸ್ತೆ ಸೇರಬೇಕಾದ ಈ ಮಾರ್ಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು (ಬಿಡಿಎ) 2005ರಲ್ಲಿ, ಯಾವ ಜಮೀನು ಬೇಕೆಂದು ಮೊದಲು ಸಾರುವ ಪ್ರಾಥಮಿಕ ಅಧಿಸೂಚನೆಯನ್ನೂ 2007ರಲ್ಲಿ, ಅದನ್ನು ಖಚಿತಪಡಿಸುವ ಅಂತಿಮ ಅಧಿಸೂಚನೆಯನ್ನೂ ಹೊರಡಿಸಿತು. ಆ ಮೇಲೆ ಬಂದ ಒಂದೊಂದು ಸರ್ಕಾರವೂ ಇದನ್ನು ಮಾಡಿಯೇ ತೀರುತ್ತೇವೆ ಎಂದಿತು. ಪರಿಹಾರಕ್ಕೆ ಬೇಕಾದ ಹಣವನ್ನು ಮಾತ್ರ ಕೂಡಿಸಲಾಗಲಿಲ್ಲ. 2025ರಲ್ಲಿ ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಹೆಸರು ಬದಲಿಸಲಾಯಿತು. ಇಷ್ಟು ಕಾಲ ಆ ಸರ್ವೆ ನಂಬರುಗಳ ರೈತರು ಜಮೀನನ್ನು ಮಾರಲೂ ಆಗದೆ, ಮನೆ ಕಟ್ಟಲು ಅನುಮತಿಯೂ ಸಿಗದೆ, ಬ್ಯಾಂಕಿನ ಸಾಲವೂ ಹುಟ್ಟದೆ ಕಾದಿದ್ದಾರೆ. ಯೋಜನೆಯನ್ನು ರದ್ದು ಮಾಡಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು, ಜಾರಿ ಮಾಡಿದ್ದರೆ ಹಣ ಪಡೆದು ಬೇರೆಡೆ ನೆಲೆ ಕಂಡುಕೊಳ್ಳುತ್ತಿದ್ದರು. ಎರಡೂ ಆಗದ ಈ ತೂಗುಯ್ಯಾಲೆಯ ಸ್ಥಿತಿಯೇ ನಗರ ರಾಜಕೀಯ ಮಾಡುವ ಅತಿ ದೊಡ್ಡ ಹಾನಿ. ಇದು ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಕಾಣುವುದಿಲ್ಲ.

ಪರಿಹಾರದ ವಿಷಯದಲ್ಲಿ ನೀತಿಯೇ ಗಂಟಾಗಿದೆ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯು ಮಾರುಕಟ್ಟೆ ಬೆಲೆಗೆ ಅಷ್ಟೇ ಮೊತ್ತದ ಸಾಂತ್ವನ ಧನವನ್ನು ಸೇರಿಸಿ ಕೊಡಬೇಕೆನ್ನುತ್ತದೆ; ಗ್ರಾಮೀಣ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆಯನ್ನು ಎರಡು ಪಟ್ಟಿನವರೆಗೆ ಗುಣಿಸಲು ಅವಕಾಶ ಕೊಡುತ್ತದೆ. ಆದರೆ 1976ರ ಬಿಡಿಎ ಕಾಯ್ದೆಯಡಿ ನಡೆಯುವ ಸ್ವಾಧೀನಕ್ಕೆ ಈ ಹೊಸ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿತು. ರೈತರು ಕೇಳುವುದು ಹೊಸ ಕಾಯ್ದೆಯ ದರ, ಪ್ರಾಧಿಕಾರ ಕೊಡಬೇಕಾದದ್ದು 1894ರ ಭೂಸ್ವಾಧೀನ ಕಾಯ್ದೆಯ ಹಳೆಯ ಲೆಕ್ಕ. ಈ ಅಂತರವನ್ನು ತುಂಬುವ ನಿರ್ಧಾರ ಎಂಜಿನಿಯರಿನದಲ್ಲ, ಸಚಿವ ಸಂಪುಟದ್ದು. ಆದ್ದರಿಂದ ರಸ್ತೆಯ ನಕ್ಷೆಯನ್ನು ಎಷ್ಟು ಚೆನ್ನಾಗಿ ಓದಿಕೊಂಡರೂ ಅದು ಯಾವಾಗ ಆಗುತ್ತದೆ ಎಂಬುದಕ್ಕೆ ಆ ನಕ್ಷೆಯಲ್ಲಿ ಉತ್ತರ ಸಿಗುವುದಿಲ್ಲ.

ಅದೇ ಸರ್ಕಾರ ಉಳಿದರೆ ಯೋಜನೆ ಸುರಕ್ಷಿತ ಎಂಬ ನಿಮ್ಮ ನಂಬಿಕೆಯೂ ಸರಿಯಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯನ್ನು 2016ರಲ್ಲಿ ಮುಂದಿಟ್ಟ ಸರ್ಕಾರವೇ ನಾಗರಿಕರ ಮಾನವ ಸರಪಳಿ, ಭ್ರಷ್ಟಾಚಾರದ ಆರೋಪ ಮತ್ತು ಕಾನೂನು ಹೋರಾಟದ ನಡುವೆ 2017ರ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟಿತು. ಒಪ್ಪಂದ ಗಟ್ಟಿಯಾಗಿದ್ದರೆ ಸಾಕು ಎಂದುಕೊಳ್ಳುವವರು ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರಿನ ಕಥೆಯನ್ನು ನೆನೆಯಬೇಕು. ಅದಕ್ಕಾಗಿ ರಾಜ್ಯ ಸರ್ಕಾರ ಖಾಸಗಿ ಕಂಪನಿಯೊಂದರ ಜೊತೆ ಮಾಡಿಕೊಂಡ 1997ರ ಚೌಕಟ್ಟು ಒಪ್ಪಂದವನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಎತ್ತಿಹಿಡಿದು, ಸರ್ಕಾರ ಬದಲಾಯಿತೆಂಬ ಕಾರಣಕ್ಕೆ ರಾಜ್ಯ ಮಾತು ತಪ್ಪುವಂತಿಲ್ಲ ಎಂದಿತು. ಆದರೂ ಕಟ್ಟಿ ಮುಗಿದದ್ದು ಬೆಂಗಳೂರಿನ ಅಂಚಿನ ರಸ್ತೆ. ಮೈಸೂರಿನವರೆಗಿನ ಹೊಸ ದಾರಿ ಆಗಲೇ ಇಲ್ಲ, ಬದಲಿಗೆ ಕೇಂದ್ರವು ಹಳೆಯ ರಾಷ್ಟ್ರೀಯ ಹೆದ್ದಾರಿಯನ್ನೇ ಅಗಲಗೊಳಿಸಿ 2023ರಲ್ಲಿ ಉದ್ಘಾಟಿಸಿತು. ನ್ಯಾಯಾಲಯದಲ್ಲಿ ಗೆದ್ದ ಯೋಜನೆಯೂ ಅಧಿಕಾರಿಗಳ ಸಹಕಾರವಿಲ್ಲದೆ ನೆಲಕ್ಕೆ ಇಳಿಯುವುದಿಲ್ಲ.

ನಿಮ್ಮ ನಿವೇಶನದ ಮಟ್ಟಿಗೆ ಹೇಳುವುದಾದರೆ, ಪ್ರಾಥಮಿಕ ಅಧಿಸೂಚನೆಗೂ ಭೂಮಿಯ ಸ್ವಾಧೀನಕ್ಕೂ ನಡುವಿನ ಕಾಲ ಅತ್ಯಂತ ಅಪಾಯಕಾರಿ. ಸ್ವಾಧೀನ ಪಡೆಯುವವರೆಗೆ ಸರ್ಕಾರವು ಯಾವುದೇ ಜಮೀನನ್ನು ಅಧಿಸೂಚನೆಯಿಂದ ಕೈಬಿಡಬಹುದು. 1894ರ ಕಾಯ್ದೆಯ 48ನೇ ಕಲಮು ಕೊಟ್ಟ ಈ ಅಧಿಕಾರವನ್ನು 2013ರ ಕಾಯ್ದೆಯ 93ನೇ ಕಲಮು ಉಳಿಸಿಕೊಂಡಿದೆ. ಡಿನೋಟಿಫಿಕೇಷನ್ ಎಂದು ಕರ್ನಾಟಕದ ಹಳ್ಳಿ ಹಳ್ಳಿಗೂ ಗೊತ್ತಾಗಿರುವುದು ಇದೇ. ಶಿಫಾರಸು ಇದ್ದವರ ಜಮೀನು ಹೊರಗುಳಿದು ಇಲ್ಲದವರದು ಒಳಗೆ ಸಿಕ್ಕಿಬೀಳುತ್ತದೆಂಬ ದೂರು ಕೇವಲ ಕಟ್ಟೆಯ ಮಾತಲ್ಲ. 2003ರಲ್ಲಿ ಪ್ರಾಥಮಿಕ ಅಧಿಸೂಚನೆಯಾದ ಬಿಡಿಎಯ ಅರ್ಕಾವತಿ ಬಡಾವಣೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಸ್ವಾಧೀನವನ್ನು ಷರತ್ತುಗಳೊಡನೆ ಎತ್ತಿಹಿಡಿದು, ಕೈಬಿಟ್ಟ ಜಮೀನುಗಳನ್ನು ಹೋಲುವ ಜಮೀನುಗಳ ಮಾಲೀಕರ ಅರ್ಜಿಗಳನ್ನೂ ಪರಿಶೀಲಿಸಬೇಕೆಂದಿತು. ಬಡಾವಣೆಯ ಭೂಮಿ ಹೀಗೆ ತುಂಡು ತುಂಡಾಗಿ, ನಿವೇಶನ ಹಂಚಿಕೆಯಾಗಿದ್ದ ಸಾಮಾನ್ಯರು ಬದಲಿ ನಿವೇಶನಕ್ಕಾಗಿ ವರ್ಷಗಟ್ಟಲೆ ಅಲೆದರು.

ಇನ್ನೆರಡು ತಪ್ಪು ತಿಳಿವಳಿಕೆಗಳನ್ನು ಇಲ್ಲೇ ತೆಗೆದುಹಾಕುತ್ತೇನೆ. ಜಮೀನಿನಲ್ಲಿ ರೈತ ಇನ್ನೂ ರಾಗಿ ಬೆಳೆಯುತ್ತಿದ್ದಾನೆ, ಆದ್ದರಿಂದ ಅದು ಸ್ವಾಧೀನವಾಗಿಲ್ಲ ಎಂದು ದಲ್ಲಾಳಿಗಳು ಹೇಳುತ್ತಾರೆ. ಮಹಜರು ಬರೆದು ಭೂಮಿಯನ್ನು ವಶಕ್ಕೆ ಪಡೆದರೆ ಸಾಕು, ಅದು ಸರ್ಕಾರದ ಸ್ವತ್ತಾಗುತ್ತದೆ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2020ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ. ಆಮೇಲೂ ಅಲ್ಲಿ ಬೆಳೆ ನಿಂತಿದ್ದರೆ ಅದು ಹಕ್ಕಿಗೆ ಸಾಕ್ಷಿಯಾಗುವುದಿಲ್ಲ. ಐದು ವರ್ಷ ಕಳೆದಿದೆ, ಯೋಜನೆ ತಾನಾಗಿಯೇ ಬಿದ್ದುಹೋಗಿದೆ ಎಂಬುದು ಎರಡನೆಯ ಮಾತು. ಅಂತಿಮ ಅಧಿಸೂಚನೆಯಾದ ಐದು ವರ್ಷಗಳೊಳಗೆ ಗಣನೀಯವಾಗಿ ಜಾರಿಯಾಗದ ಯೋಜನೆ ರದ್ದಾಗುತ್ತದೆಂದು ಬಿಡಿಎ ಕಾಯ್ದೆಯ 27ನೇ ಕಲಮು ಹೇಳುವುದು ನಿಜ. ಆದರೆ ವಿಳಂಬಕ್ಕೆ ಪ್ರಾಧಿಕಾರದ ನಿರ್ಲಕ್ಷ್ಯವೇ ಕಾರಣವೆಂದು ನ್ಯಾಯಾಲಯದಲ್ಲಿ ತೋರಿಸಬೇಕು, ತಡೆಯಾಜ್ಞೆಗಳಲ್ಲಿ ಕಳೆದ ಕಾಲಕ್ಕೆ ಅದನ್ನು ಹೊಣೆ ಮಾಡಲಾಗದು. ಬಿಡಿಎಯ ಶಿವರಾಮ ಕಾರಂತ ಬಡಾವಣೆಯನ್ನು ಮುಗಿದ ಕಥೆ ಎಂದುಕೊಂಡು ಜಾಗ ಕೊಂಡು ಮನೆ ಕಟ್ಟಿದವರು ಬಹಳ ಮಂದಿ. 2008ರ ಪ್ರಾಥಮಿಕ ಅಧಿಸೂಚನೆಗೆ ಸುಪ್ರೀಂ ಕೋರ್ಟ್ 2018ರ ಆಗಸ್ಟ್‌ನಲ್ಲಿ ಮರುಜೀವ ಕೊಟ್ಟಾಗ ಅವರಿಗಾದ ಆಘಾತವನ್ನು ನೀವೂ ಅನುಭವಿಸುವುದು ಬೇಡ.

ಪ್ರಾಥಮಿಕ ಅಧಿಸೂಚನೆಯಾದ ಮೇಲೆ ಜಮೀನು ಕೊಂಡವನಿಗೆ ಸ್ವಾಧೀನವನ್ನು ಪ್ರಶ್ನಿಸುವ ಹಕ್ಕಿಲ್ಲ, ಹೆಚ್ಚೆಂದರೆ ಮಾರಿದವನ ಪರಿಹಾರದ ಮೇಲೆ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಆದ್ದರಿಂದ ನಿಮ್ಮ ಸರ್ವೆ ನಂಬರು ಅಧಿಸೂಚನೆಯ ಪಟ್ಟಿಯಲ್ಲಿ ಇದೆಯೇ ಎಂದು ರಾಜ್ಯಪತ್ರದಲ್ಲೇ ನೋಡಿ. ಇದ್ದರೆ ಮುಂಗಡವನ್ನು ವಾಪಸ್ ಕೇಳಿ, ಕೊಡದಿದ್ದರೆ ವಕೀಲರ ನೋಟಿಸು ಕಳಿಸಿ. ಪಟ್ಟಿಯಲ್ಲಿ ಇಲ್ಲದೆ ಅಂಚಿನಲ್ಲಿದ್ದರೂ ನಾನು ಕೊಳ್ಳಲು ಹೇಳುವುದಿಲ್ಲ, ಏಕೆಂದರೆ ಮಾರ್ಗದ ಗೆರೆ ಸರಿದಾಡುವ ಸಾಧ್ಯತೆ ಟೆಂಡರ್ ಆಗುವವರೆಗೂ ಇರುತ್ತದೆ. ಇದು ಅತಿಯಾದ ಎಚ್ಚರಿಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಜೀವಮಾನದ ಉಳಿತಾಯವನ್ನು ಗೆರೆಯೊಂದರ ಮೇಲೆ ಇಟ್ಟು ಕಳೆದುಕೊಂಡ ಕುಟುಂಬಗಳನ್ನು ನೋಡಿದ ಮೇಲೆ ಅದನ್ನು ಬಿಡಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ಸಚಿವರ ಕಚೇರಿಯಲ್ಲಿ ಪರಿಚಯವಿರುವ ಒಬ್ಬರು ಇನ್ನೂ ಪ್ರಕಟವಾಗದ ರಸ್ತೆಯ ನಕ್ಷೆಯನ್ನು ತೋರಿಸಿ, ಈಗಲೇ ಕೊಂಡರೆ ಬೆಲೆ ಮೂರು ಪಟ್ಟಾಗುತ್ತದೆ ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ: ನಂಬಬಾರದು. ಆ ನಕ್ಷೆ ಸುಳ್ಳಾಗಿದ್ದರೆ ನೀವು ಮೋಸ ಹೋಗುತ್ತೀರಿ. ನಿಜವಾಗಿದ್ದರೆ ನೀವು ಕೊಳ್ಳುವ ಜಮೀನೇ ಸ್ವಾಧೀನಕ್ಕೆ ಒಳಪಡಬಹುದು, ಆಗ ಅದರ ಬೆಲೆಯನ್ನು ನಿರ್ಧರಿಸುವವರು ನೀವಲ್ಲ. ಒಳಗಿನ ಮಾಹಿತಿ ನಿಜಕ್ಕೂ ಸಿಕ್ಕವನು ಅದನ್ನು ಅಪರಿಚಿತರಿಗೆ ಮಾರುತ್ತಾ ತಿರುಗುವುದಿಲ್ಲ. ಬಜೆಟ್ ಭಾಷಣದಲ್ಲಿ ಒಂದು ಯೋಜನೆಯ ಹೆಸರು ಬಂದೊಡನೆ ಇಂಥವರು ಜಾಹೀರಾತು ಫಲಕ ನಿಲ್ಲಿಸುತ್ತಾರೆ. ಬಜೆಟ್ ಘೋಷಣೆ ಅನುಮೋದನೆಯಲ್ಲ, ಅದರ ಮೇಲೆ ವಿಸ್ತೃತ ಯೋಜನಾ ವರದಿ, ಆಡಳಿತಾತ್ಮಕ ಮಂಜೂರಾತಿ, ಅಧಿಸೂಚನೆ, ಟೆಂಡರ್ ಎಲ್ಲವೂ ಬಾಕಿ ಇರುತ್ತವೆ. ಇವರ ಮಾತಿಗೆ ಮರುಳಾಗಿ ನಿವೃತ್ತಿಯ ಹಣ ಸುರಿದವರ ಪತ್ರಗಳನ್ನು ಓದುವುದು ನನಗೆ ಅತ್ಯಂತ ನೋವಿನ ಕೆಲಸ.

ಪ್ರಶ್ನೆ: ಹೊಸ ಸರ್ಕಾರ ನಿಯಮ ಬದಲಿಸಿದ್ದರಿಂದ ಫ್ಲ್ಯಾಟ್ ಕೊಡುವುದು ತಡವಾಗುತ್ತಿದೆ, ಇದಕ್ಕೆ ತಾನು ಹೊಣೆಯಲ್ಲ ಎಂದು ಬಿಲ್ಡರ್ ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ (ರೇರಾ) 6ನೇ ಕಲಮು ಹೆಸರಿಸುವ ಅನಿವಾರ್ಯ ಸಂದರ್ಭಗಳು ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ ಮತ್ತು ಇತರ ಪ್ರಕೃತಿ ವಿಕೋಪಗಳು. ಸರ್ಕಾರದ ಬದಲಾವಣೆ ಆ ಪಟ್ಟಿಯಲ್ಲಿಲ್ಲ. ಬಿಲ್ಡರಿನ ತಪ್ಪಿಲ್ಲದ ಸಕಾರಣವಿದ್ದರೆ ರೇರಾ ಪ್ರಾಧಿಕಾರವು ಒಟ್ಟು ಒಂದು ವರ್ಷ ಮೀರದಂತೆ ನೋಂದಣಿಯನ್ನು ವಿಸ್ತರಿಸಬಹುದು, ಆದರೆ ಅದನ್ನು ಪ್ರಾಧಿಕಾರದ ಮುಂದೆ ಲಿಖಿತವಾಗಿ ಸಾಬೀತುಪಡಿಸಬೇಕಾದವರು ಅವರು. ಒಪ್ಪಂದದ ದಿನಾಂಕ ಮೀರಿದ್ದರೆ 18ನೇ ಕಲಮಿನಡಿ ಬಡ್ಡಿಸಹಿತ ಹಣ ವಾಪಸ್ ಕೇಳುವ, ಇಲ್ಲವೇ ಫ್ಲ್ಯಾಟ್ ಉಳಿಸಿಕೊಂಡು ತಡವಾದ ತಿಂಗಳುಗಳಿಗೆ ಬಡ್ಡಿ ಕೇಳುವ ಹಕ್ಕು ನಿಮಗಿದೆ. ಕೂಡಲೇ ದೂರು ದಾಖಲಿಸಿ.

ಪ್ರಶ್ನೆ: ಅಕ್ರಮ–ಸಕ್ರಮ ಹೇಗೂ ಬರುತ್ತದೆ, ಆದ್ದರಿಂದ ಪರವಾನಗಿ ಇಲ್ಲದೆ ಇನ್ನೊಂದು ಮಹಡಿ ಕಟ್ಟಬಹುದೇ?

ಉತ್ತರ: ಕಟ್ಟಬೇಡಿ. ನಿಯಮ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಆ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದರೂ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು, ಅಲ್ಲದೆ ಅದು 2013ರ ಅಕ್ಟೋಬರ್ 19ಕ್ಕೆ ಮೊದಲು ಕಟ್ಟಿದ್ದಕ್ಕೆ ಮಾತ್ರ ಇತ್ತು. ಈಗ ಕಟ್ಟುವ ಮಹಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಪ್ರಶ್ನೆ: ನಗರಾಭಿವೃದ್ಧಿಗೆ ಯಾವ ಪಕ್ಷ ಒಳ್ಳೆಯದು?

ಉತ್ತರ: ಈ ಅಂಕಣದಲ್ಲಿ ಅದಕ್ಕೆ ಉತ್ತರವಿಲ್ಲ.

ಪ್ರಶ್ನೆ: ಚುನಾವಣಾ ನೀತಿ ಸಂಹಿತೆ ಜಾರಿಯಾದರೆ ನಮ್ಮ ರಸ್ತೆಯ ಒಳಚರಂಡಿ ಕಾಮಗಾರಿ ನಿಲ್ಲಬೇಕೇ?

ಉತ್ತರ: ಸ್ಥಳದಲ್ಲಿ ಆಗಲೇ ಶುರುವಾಗಿರುವ ಕೆಲಸ ಮುಂದುವರಿಯಬಹುದು, ಹೊಸ ಘೋಷಣೆ ಮತ್ತು ಶಂಕುಸ್ಥಾಪನೆಗೆ ಮಾತ್ರ ನಿರ್ಬಂಧ.

ಪ್ರಶ್ನೆ: ಪಾಲಿಕೆಗೆ ಚುನಾವಣೆ ನಡೆಯದಿದ್ದರೂ ಕೆಲಸಗಳು ನಡೆಯುತ್ತವೆ. ಕಾರ್ಪೊರೇಟರ್‌ಗಳು ಇಲ್ಲದಿರುವುದರಿಂದ ಯೋಜನೆಗಳಿಗೆ ನಿಜವಾಗಿ ನಷ್ಟವಿದೆಯೇ?

ಉತ್ತರ: ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಪಾಲಿಕೆಯ ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಹೇಳಿದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಚುನಾಯಿತ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದರು. 2025ರಲ್ಲಿ ಪಾಲಿಕೆಯನ್ನು ಐದಾಗಿ ವಿಭಜಿಸಿ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ತರಲಾಯಿತು. ಮಹಾನಗರದ ಯೋಜನಾ ಸಮಿತಿಯಲ್ಲಿ ಕನಿಷ್ಠ ಮೂರನೇ ಎರಡರಷ್ಟು ಸದಸ್ಯರು ನಗರಸಂಸ್ಥೆ ಮತ್ತು ಪಂಚಾಯಿತಿಗಳ ಚುನಾಯಿತರಿಂದ ಆರಿಸಿ ಬರಬೇಕೆಂಬುದು ಸಂವಿಧಾನದ ನಿಯಮ, ಕೌನ್ಸಿಲ್ಲೇ ಇಲ್ಲದಿದ್ದರೆ ಅವರು ಬರುವುದೆಲ್ಲಿಂದ? ಇದರ ಫಲವನ್ನು ಮಾಸ್ಟರ್ ಪ್ಲಾನಿನಲ್ಲಿ ನೋಡಬಹುದು. 2007ರಲ್ಲಿ ಅನುಮೋದನೆಯಾದ, 2015ಕ್ಕೆಂದು ರೂಪಿಸಿದ ನಕ್ಷೆಯ ಅವಧಿ ಮುಗಿದ ಮೇಲೂ ನಗರ ಅದರಂತೆಯೇ ನಡೆಯಿತು, ಏಕೆಂದರೆ 2031ಕ್ಕಾಗಿ 2017ರಲ್ಲಿ ಪ್ರಕಟಿಸಿದ ಕರಡನ್ನು ಸರ್ಕಾರವೇ ಆಮೇಲೆ ಹಿಂಪಡೆಯಿತು. ಸುರಂಗ ರಸ್ತೆ ಬೇಕೇ, ಬಸ್ಸುಗಳು ಹೆಚ್ಚಬೇಕೇ ಎಂಬ ಚರ್ಚೆ ವಾರ್ಡಿನಲ್ಲಿ ನಡೆದು ಮೇಲಕ್ಕೆ ಹೋಗಬೇಕಿತ್ತು. ಈಗ ಅದು ಸಚಿವರ ಪತ್ರಿಕಾಗೋಷ್ಠಿಯಲ್ಲಿ ಹುಟ್ಟಿ ಅಲ್ಲಿಯೇ ತೀರ್ಮಾನವಾಗುತ್ತದೆ, ಮತ್ತು ಸಚಿವರು ಬದಲಾದಾಗ ಆ ತೀರ್ಮಾನವನ್ನು ಉಳಿಸಿಕೊಳ್ಳಬೇಕೆಂಬ ಹೊಣೆ ನಗರದಲ್ಲಿ ಯಾರ ಮೇಲೂ ಇರುವುದಿಲ್ಲ.